ಟಾರು ಬಿಡಿಸುತ್ತಿದ್ದ ಮಾಮ

ಮಾಮ ಸತ್ತ ಸುದ್ದಿ ನನಗೆ ಗೊತ್ತಾದದ್ದು ನಮ್ಮ ಬಾಡಿಗೆ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ. ಮೊದಲು ಒಂದು ಫೋಟೊ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ಬಂಗಾರದಂಥ ಕೈ' ಎಂದು ಒಬ್ಬ ಬರೆದ. 'ಚಳ್ಳಕೆರೆಯಲ್ಲಿ ಇನ್ನು ಅಂಥ ಮನುಷ್ಯ ಹುಟ್ಟಲ್ಲ' ಎಂದು ಇನ್ನೊಬ್ಬ. ನಾನೂ ಏನಾದರೂ ಬರೆಯಬೇಕೆಂದು ಪೆಟ್ರೋಲ್ ಬಂಕಿನ ನೆರಳಲ್ಲಿ ಫೋನ್ ಹಿಡಿದು ನಿಂತೆ. ಕೈ ಬಂಗಾರದ್ದೇ, ಅದರಲ್ಲಿ ಎರಡು ಮಾತಿಲ್ಲ. ಮನುಷ್ಯನ ವಿಷಯಕ್ಕೆ ಬರುವಾಗ ನನ್ನ ಬೆರಳು ಓಡಲಿಲ್ಲ. ಫೋನ್ ಜೇಬಿಗೆ ಹಾಕಿಕೊಂಡೆ.

ಸತ್ತವರನ್ನು ಬೈಯಬಾರದು ಅಂತಾರೆ. ಬೈಯುವುದಕ್ಕಲ್ಲ ಇದನ್ನು ಬರೆಯುತ್ತಿರುವುದು. ಅವನ ಕೈ ನೆನಪಾದರೆ ಇವತ್ತಿಗೂ ನನಗೆ ಪ್ರೀತಿ ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಎರಡನ್ನೂ ಹೇಳಿಬಿಟ್ಟರೆ ಹಗುರಾದೀತು ಅಂತ ಒಂದು ಆಸೆ. ವಯಸ್ಸಿನಲ್ಲಿ ದೊಡ್ಡವನು, 'ಅವರು' ಎಂದು ಬರೆಯಬೇಕಾಗಿತ್ತು. ಮನಸ್ಸು ಒಪ್ಪಲಿಲ್ಲ.

ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲು ಮುಗಿಯುವ ಕಡೆ, ಒಂದು ಮಿಲ್ಲಿನ ಹಿಂಗೋಡೆಗೆ ಆನಿಸಿದ ತಗಡಿನ ಶೆಡ್ಡು ಅವನದು. ಮುಂದೆ ಒಂದು ಬೇವಿನ ಮರ, ಒಂದು ನೀರಿನ ತೊಟ್ಟಿ, ಬಟ್ಟೆ ಒಣಹಾಕಲು ಕಟ್ಟಿದ ತಂತಿ. ಜಾಗ ಮಿಲ್ಲಿನ ಯಜಮಾನರದು. ಅವನು ಬಳಸುತ್ತಿದ್ದ ಎಣ್ಣೆಯೂ ಅವರದೇ, ಡ್ರಮ್ಮಿನ ತಳದಲ್ಲಿ ಉಳಿಯುವ ಶೇಂಗಾ ಎಣ್ಣೆಯ ಮಡ್ಡಿ. ಕಾರು ತೊಳೆಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಹೊಸ ರಸ್ತೆಯ ಟಾರು ಸಿಡಿದು ಬಾಗಿಲ ಕೆಳಗೆಲ್ಲ ಮೆಣಸು ಚೆಲ್ಲಿದ ಹಾಗೆ ಅಂಟಿಕೊಂಡರೆ, ಬೇರೆ ಗಾಡಿಯ ಟೈರು ಉಜ್ಜಿ ಬಣ್ಣದ ಮೇಲೆ ಕರೀ ರಬ್ಬರು ಕೂತುಬಿಟ್ಟರೆ, ಚಳ್ಳಕೆರೆಯವರಾಗಲಿ ಮೊಳಕಾಲ್ಮೂರಿನವರಾಗಲಿ ಅವನ ಬೇವಿನ ಮರದ ಕೆಳಗೇ ಬರಬೇಕಾಗಿತ್ತು.

ಬಿಸಿಲಲ್ಲಿ ನಿಂತು ಬಂದ ಕಾರನ್ನು ಅವನು ಮುಟ್ಟುತ್ತಿರಲಿಲ್ಲ. ತಗಡು ತಣ್ಣಗಾಗಲಿ ಎಂದು ಮರದ ಕೆಳಗೆ ನಿಲ್ಲಿಸಿ, ಮಾಲೀಕನನ್ನು ಟೀ ಕುಡಿಯಲು ಕಳಿಸುತ್ತಿದ್ದ. ಆಮೇಲೆ ಧೂಳು ಹೋಗುವ ಹಾಗೆ ನೀರು ಹುಯ್ಯುತ್ತಿದ್ದ. ಮಡ್ಡಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಟಾರಿನ ಮೇಲೆ ಗಾಯಕ್ಕೆ ಪಟ್ಟು ಹಾಕಿದ ಹಾಗೆ ಅಂಟಿಸಿ, ದೂರ ಹೋಗಿ ಕೂತು ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವ ಹೊತ್ತಿಗೆ ಟಾರು ಕರಗಿ ಕಂದು ನೀರಾಗಿ ಇಳಿಯುತ್ತಿತ್ತು. ಅದನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆದು ತೆಗೆಯುವುದು, ಕೊನೆಗೆ ಎಣ್ಣೆ ಜಿಡ್ಡು ಹೋಗಲು ಸೋಪಿನ ನೀರು. ಅಷ್ಟೇ ಕೆಲಸ. ಅದನ್ನು ನೋಡಲು ಜನ ಸುಮ್ಮನೆ ಬಂದು ಕೂರುತ್ತಿದ್ದರು.

"ಟಾರಿನ ಜೊತೆ ಜಗಳ ಆಡಬಾರ್ದು ಕಣಲೇ ಅಳಿಯ, ಮಾತಾಡಿಸಿ ಕಳಿಸ್ಬೇಕು" ಎನ್ನುತ್ತಿದ್ದ.

ಒಮ್ಮೆ ಹೊಸ ಕಾರು ತಗೊಂಡ ಒಬ್ಬ ಸಾಹುಕಾರ, ಕಾಯುವ ತಾಳ್ಮೆ ಇಲ್ಲದೆ, ಶೇವಿಂಗ್ ಬ್ಲೇಡಿನಿಂದ ತಾನೇ ಟಾರು ಕೆರೆದು ಅರ್ಧ ಬಾಗಿಲು ಕೆಡಿಸಿಕೊಂಡು ಬಂದಿದ್ದ. ಮಾಮ ಆ ಗೀರುಗಳನ್ನು ಬಹಳ ಹೊತ್ತು ನೋಡಿದ. "ಇದು ನನ್ನ ಕೈಲಿ ಆಗಲ್ಲ ಸಾಹುಕಾರ್ರೇ. ಬೇಕಿದ್ರೆ ನಿಮ್ಮ ಬ್ಲೇಡಿಗೆ ಅಂಟಿರೋ ಟಾರು ಬಿಡಿಸಿ ಕೊಡ್ತೀನಿ" ಎಂದ. ಸುತ್ತ ಕೂತಿದ್ದವರು ಬಿದ್ದು ಬಿದ್ದು ನಕ್ಕರು. ಸಾಹುಕಾರನೂ ನಕ್ಕ. ಮಾಮ ಹಾಗೆ, ಬೈದರೂ ಬೈಸಿಕೊಂಡವನಿಗೆ ನೋವಾಗುತ್ತಿರಲಿಲ್ಲ.

ಕಾರಿನ ಮೈ ನೋಡಿ ಅದು ಎಲ್ಲಿಗೆ ಹೋಗಿ ಬಂತು ಎಂದು ಹೇಳುವ ಚಟವೂ ಇತ್ತು. ನಮ್ಮ ಜೊತೆಯ ಡ್ರೈವರೊಬ್ಬ ತನ್ನ ಕಾರಿನ ಯಜಮಾನನಿಗೆ ವರವು ಕಾವಲ್ ಕಡೆ ಬಾಡಿಗೆ ಅಂತ ಹೇಳಿ, ಕಾರು ತಗೊಂಡು ಎಲ್ಲೋ ತಿರುಗಿ ಬಂದಿದ್ದ. ಮಾಮ ಬಾಗಿಲ ಕೆಳಗೆ ಬೆರಳಾಡಿಸಿ, "ಕಾವಲ್‌ನಾಗೆ ಹುಲ್ಲು ಐತೆ, ದನ ಐತೆ. ಹೊಸಾ ಟಾರು ಯಾವಾಗ ಬಂತಲೇ ಅಲ್ಲಿಗೆ?" ಎಂದು ಕಿವಿಯಲ್ಲಿ ಕೇಳಿದ. ಡ್ರೈವರನ ಮುಖ ಸುಟ್ಟ ಬದನೇಕಾಯಿಯಾಯಿತು. ಯಜಮಾನ ಬಂದಾಗ ಮಾತ್ರ ಮಾಮ ಬಾಯಿ ಬಿಡಲಿಲ್ಲ. "ಬಣ್ಣದ ಮೇಲಿನ ಮಾತು ಬಣ್ಣದ ಮೇಲೇ ಸಾಯ್ಬೇಕು" ಎಂದು ಆಮೇಲೆ ನಮಗೆ ಹೇಳಿದ. ಎಂಥಾ ದೊಡ್ಡ ಮನುಷ್ಯ ಎಂದುಕೊಂಡೆವು ನಾವೆಲ್ಲ.

ರಬ್ಬರಿನ ಗುರುತಿಗೆ ಅವನ ವರಸೆಯೇ ಬೇರೆ. ಅದಕ್ಕೆ ಪಟ್ಟು ಹಾಕಿ ಕೂರುವಂತಿಲ್ಲ, ಉಜ್ಜಲೇಬೇಕು, ಆದರೆ ಬಣ್ಣಕ್ಕೆ ಗೊತ್ತಾಗಬಾರದು. ತೋರುಬೆರಳಿಗೆ ಹಳೇ ರೇಷ್ಮೆ ಬಟ್ಟೆ ಸುತ್ತಿ, ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿ, ಮಗುವಿನ ಮೂಗು ಒರೆಸುವ ಹಾಗೆ ಒರೆಸುತ್ತಿದ್ದ. ಎರಡು ಸಲ ಒರೆಸಿದ ಮೇಲೆ ಬಟ್ಟೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. "ಟಾರಿಗೆ ಹತ್ತಿ, ರಬ್ಬರಿಗೆ ರೇಷ್ಮೆ. ಬಟ್ಟೆಗೆ ಕರಿ ಹತ್ತಬೇಕು, ಕಾರಿನ ಬಣ್ಣ ಹತ್ತಬಾರ್ದು. ಬಣ್ಣ ಹತ್ತಿದ್ರೆ ಅವತ್ತಿಗೆ ಕೈ ಕೆಟ್ಟಿತು ಅಂತ ತಿಳ್ಕಾ."

ಆ ಬಟ್ಟೆ ಅವನಿಗೆ ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ನಮ್ಮದು ಮೊಳಕಾಲ್ಮೂರಿನಲ್ಲಿ ನೇಕಾರರ ಬೀದಿ. ಅವ್ವ ನೂಲು ಸುತ್ತುತ್ತಾಳೆ, ತಮ್ಮ ಮಗ್ಗದ ಮೇಲೆ ಕೂರುತ್ತಾನೆ, ನಾನೊಬ್ಬ ಕಾರು ಹಿಡಿದೆ. ಬೀದಿಯಲ್ಲಿ ಜೀರ್ಣವಾದ ಸೀರೆಗಳನ್ನು ಅವ್ವ ಕೂಡಿಸಿಡುತ್ತಿದ್ದಳು. ಹತ್ತಿಯದು ಹೆಚ್ಚು, ರೇಷ್ಮೆಯದು ಅಪರೂಪ. ಬಾಡಿಗೆಗೆ ಚಳ್ಳಕೆರೆಗೆ ಹೋದಾಗ ನಾನು ಆ ಗಂಟನ್ನು ಅವನಿಗೆ ಕೊಡುತ್ತಿದ್ದೆ. ಬರುವಾಗ ಅವನು ಟಾರು ಕುಡಿದು ಒಣಗಿದ ಬಟ್ಟೆಗಳ ಗಂಟನ್ನು ನನ್ನ ಡಿಕ್ಕಿಗೆ ಹಾಕುತ್ತಿದ್ದ. ಎಣ್ಣೆ, ಟಾರು ಎರಡೂ ಕೂಡಿದ ಬಟ್ಟೆ ಒಂದು ಕಡ್ಡಿಗೇ ಭುಗ್ಗನೆ ಹತ್ತಿಕೊಳ್ಳುತ್ತದೆ. ಬಚ್ಚಲ ಒಲೆ ಹಚ್ಚಲು ಅವ್ವನಿಗೆ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಹೋದ ಸೀರೆ ಹಂಡೆಯ ಕೆಳಗೆ ಬೆಂಕಿಯಾಗಿ ಮನೆಗೇ ವಾಪಸಾಗುತ್ತಿತ್ತು.

ಹೀಗೇ ಬೆಳೆದದ್ದು ನೆಂಟಸ್ತಿಕೆ. ಅವನ ಮನೆಮಾತು ತೆಲುಗು, ಅವ್ವನದೂ ಅರ್ಧ ತೆಲುಗೇ. ಮೊಳಕಾಲ್ಮೂರಿಗೆ ಬಂದರೆ ಚಪ್ಪಲಿ ಬಿಡುವ ಮೊದಲೇ, "ಅಕ್ಕಾ, ಅನ್ನಂ ಪೆಟ್ಟು, ಆಕಲೈತಾಂದಿ" ಎಂದು ಕೂಗುತ್ತಿದ್ದ. ಹಸಿವಾಗಿದೆ, ಊಟ ಹಾಕು ಅಂತ. ಅವ್ವ "ರಾ ತಮ್ಮುಡೂ" ಎಂದು ತಟ್ಟೆ ಇಡುತ್ತಿದ್ದಳು. ಒಡಹುಟ್ಟಿದವರಿಲ್ಲದ ಅವ್ವನಿಗೆ ಅವನು ತಮ್ಮನಾದ, ನಮಗೆ ಮಾಮನಾದ. ನನ್ನ ಕಾರು ಮನೆಗೆ ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ಅವನು. ತಮ್ಮನಿಗೆ ನನ್ನಿವಾಳದ ಹುಡುಗಿ ಗೊತ್ತಾದಾಗ, ಸೋದರಮಾವನ ಜಾಗದಲ್ಲಿ ಕೂತು ಎಲೆ ಅಡಿಕೆ ಬದಲಾಯಿಸಿದವನೂ ಅವನೇ.

ಆ ವರ್ಷವೇ ನಮ್ಮ ಕಡೆ ರಸ್ತೆಗೆ ಹೊಸ ಟಾರು ಬಿತ್ತು. ಒಂದು ಸಂಜೆ ತಮ್ಮ ಸಿದ್ದಾಪುರದಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ. ಬ್ರಹ್ಮಗಿರಿಯ ತಿರುವಿನ ಹತ್ತಿರ, ಕೆಲಸದವರು ಟಾರು ಹಾಕಿ ಹೋಗಿದ್ದ ತುಂಡಿನಲ್ಲಿ, ಹಿಂದಿನಿಂದ ಬಂದ ಬಿಳಿ ಕಾರೊಂದು ಅವನನ್ನು ದಾಟಿ ಎಡಕ್ಕೆ ಒತ್ತಿತು. ಮೊಪೆಡ್ಡಿನ ಮುಂದಿನ ಟೈರು ಕಾರಿನ ಹಿಂದಿನ ಬಾಗಿಲಿಗೆ ಉಜ್ಜಿತು. ಇವನು ಬಿದ್ದ. ಕಾರು ನಿಲ್ಲಲಿಲ್ಲ. ತಲೆಗೆ ಪೆಟ್ಟಾಗಿ ಮಾತು ತೊದಲುತ್ತಿತ್ತು, ವಾಂತಿ ಮಾಡಿಕೊಂಡಿದ್ದ. ಎತ್ತಿ ತಂದವರು ಕುಡಿದು ಬಿದ್ದಾನೆ ಎಂದುಕೊಂಡರು. ಜನ್ಮದಲ್ಲಿ ಹೆಂಡ ಮುಟ್ಟದವನು. ಬಾಯಿ ಮೂಸಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮಗ್ಗ ತುಳಿಯುವ ಕಾಲು. ನಮಗಿಂತ ಬೇಗ ಓಡಿದ್ದು, ಕುಡಿದು ಬಿದ್ದ ಎಂಬ ಸುದ್ದಿ. ಬೆಳಗಾಗುವಷ್ಟರಲ್ಲಿ ನನ್ನಿವಾಳದಿಂದ ಹುಡುಗಿಯ ಅಪ್ಪ ಫೋನ್ ಮಾಡಿದರು. "ಕುಡಿಯೋ ಹುಡುಗಂಗೆ ನಾವು ಹೆಣ್ಣು ಕೊಡಲ್ಲ ಕಣಪ್ಪ. ಕಾರು ಗುದ್ದಿತು ಅಂತ ಕಥೆ ಬ್ಯಾಡ. ಗುದ್ದಿದ ಕಾರು ತೋರ್ಸು, ಕಾಲಿಲ್ಲದಿದ್ರೂ ಕೊಡ್ತೀನಿ" ಎಂದರು. ಒರಟು ಮಾತು, ಆದರೆ ನ್ಯಾಯದ ಮಾತು. ಆ ಕಾರು ಸಿಕ್ಕರೆ ತಮ್ಮನ ಹೆಸರೂ ಉಳಿಯುತ್ತಿತ್ತು, ಮದುವೆಯೂ ಉಳಿಯುತ್ತಿತ್ತು.

ನನಗೆ ಧೈರ್ಯವಿತ್ತು. ಆ ಕಾರಿನ ಕೆಳಗೆ ಹೊಸ ಟಾರು ಸಿಡಿದಿರಲೇಬೇಕು, ಎಡಗಡೆ ಹಿಂದಿನ ಬಾಗಿಲ ಮೇಲೆ ರಬ್ಬರಿನ ಗೆರೆ ಇರಲೇಬೇಕು. ಅಂಥ ಕಾರು ಎಲ್ಲಿಗೆ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಸ್ಪತ್ರೆಯಿಂದ ನೇರ ಚಳ್ಳಕೆರೆಗೆ ಓಡಿದೆ.

ಮಾಮ ಶೆಡ್ಡಿನ ಮುಂದೆ ಕೈ ತೊಳೆಯುತ್ತಿದ್ದ. ನಾನು ಹೇಳುತ್ತಾ ಹೋದ ಹಾಗೆ ಅವನ ಮುಖ ಇಳಿಯಿತು. ದುಃಖಕ್ಕೆ ಎಂದುಕೊಂಡೆ.

"ಬಿಳಿ ಕಾರು ಮಾಮ. ಎಡಗಡೆ ಹಿಂದಿನ ಬಾಗಿಲು. ಬಂದ್ರೆ ಮುಟ್ಟಬ್ಯಾಡ, ನನಗೊಂದು ಫೋನ್ ಮಾಡು. ಅವನ ಮದುವೆ ಉಳೀತೈತೆ."

ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕೈ ಒದ್ದೆಯಾಗಿತ್ತು, ಟರ್ಪೆಂಟೈನ್ ವಾಸನೆ ಹೊಡೆಯುತ್ತಿತ್ತು. "ಬಂದ್ರೆ ನಿನಗೇ ಮೊದ್ಲು ಹೇಳ್ತೀನಿ ಅಳಿಯ. ನನ್ನ ಕೈ ದಾಟಿ ಎಲ್ಲಿಗೆ ಹೋಗ್ತೈತೆ ಅದು?" ಎಂದ.

ನಾನು ಹೊರಡುವಾಗ ಒಳಗೆ ಹೋಗಿ ಒಂದು ಗಂಟು ತಂದು ತಾನೇ ಡಿಕ್ಕಿಗೆ ಹಾಕಿದ. "ಅಕ್ಕಂಗೆ ಕೊಡು. ಹುಡುಗನ ಮೈಗೆ ಬಿಸಿನೀರು ಬೇಕಾಗ್ತೈತೆ." ಗಂಟು ಇನ್ನೂ ಹಸಿಯಾಗಿತ್ತು. ಯಾವಾಗಲೂ ತಂತಿಯ ಮೇಲೆ ಒಣಗಿಸಿ ಕೊಡುವವನು. ಇಂಥ ಹೊತ್ತಿನಲ್ಲೂ ನಮ್ಮ ಬಚ್ಚಲ ಒಲೆಯನ್ನು ನೆನೆದನಲ್ಲ ಎಂದು ನನ್ನ ಕಣ್ಣು ತುಂಬಿತು. ಅವ್ವನಿಗೆ ಆ ಗಂಟು ಕೊಟ್ಟೆ. ತಮ್ಮ ಮನೆಗೆ ಬಂದ ಮೇಲೆ ಅದರಿಂದಲೇ ಒಲೆ ಹಚ್ಚಿ ನೀರು ಕಾಯಿಸಿದೆವು.

ಆಮೇಲೆ ಕಾದೆವು. ನಾನು ಫೋನ್ ಮಾಡಿದಾಗೆಲ್ಲ "ಬಂದಿಲ್ಲ ಅಳಿಯ, ಕಣ್ಣಿಟ್ಟೀನಿ" ಎನ್ನುತ್ತಿದ್ದ. ಮೋಸಂಬಿ ಹಣ್ಣು ಹಿಡಿದು ತಮ್ಮನನ್ನು ನೋಡಲು ಬಂದ. ಹಾಸಿಗೆಯ ಹತ್ತಿರ ಕೂತು ಪಟ್ಟಿ ಕಟ್ಟಿದ ಕಾಲನ್ನು ನೀವಿದ, ಕಣ್ಣೀರು ಹಾಕಿದ, ಅವ್ವನ ಕೈಯ ಸಜ್ಜೆ ರೊಟ್ಟಿ ತಿಂದು ಹೋದ. ದಿನ ಕಳೆದಂತೆ ತಮ್ಮ ಮಾತು ಕಡಿಮೆ ಮಾಡಿದ. ಒಂದು ದಿನ ಗೋಡೆಯ ಕಡೆ ತಿರುಗಿ, "ಅಣ್ಣ, ಕಾರು ನಿಜವಾಗ್ಲೂ ಇತ್ತಾ? ನಾನೇ ತೂಕಡಿಸಿ ಬಿದ್ನಾ?" ಎಂದು ಕೇಳಿದ. ಎಲ್ಲರೂ ಇಲ್ಲ ಇಲ್ಲ ಎನ್ನುತ್ತಿದ್ದರೆ ತನ್ನ ಕಣ್ಣನ್ನು ತಾನೇ ನಂಬುವುದು ಎಷ್ಟು ದಿನ?

ನಿಜ ಹೇಳಿದವನು ಮಿಲ್ಲಿನ ಯಜಮಾನರ ಹಳೇ ಡ್ರೈವರ್. ಕೆಲಸ ಬಿಟ್ಟು ಟೆಂಪೊ ಓಡಿಸುತ್ತಿದ್ದ. ಹಾನಗಲ್ಲಿನ ಟೀ ಅಂಗಡಿಯಲ್ಲಿ ಸಿಕ್ಕವನು, ತಮ್ಮ ಹೇಗಿದ್ದಾನೆ ಎಂದು ಕೇಳಿ, ನೆಲ ನೋಡುತ್ತಾ ಮಾತು ಬಿಚ್ಚಿದ. ಆ ಸಂಜೆ ಕಾರು ಓಡಿಸಿದ್ದು ಯಜಮಾನರೇ. ಮರುದಿನ ಬೆಳಿಗ್ಗೆ ಇವನನ್ನು ಕರೆದುಕೊಂಡು ಮಾಮನ ಶೆಡ್ಡಿಗೆ ಬಂದರು.

"ಬಾಗಿಲ ಮೇಲೆ ಇಷ್ಟುದ್ದ ರಬ್ಬರು ಇತ್ತಣ್ಣ. ನಿಮ್ಮ ಮಾಮ ಗಬಗಬ ಉಜ್ಜಿ ತೆಗೆದ್ರು. ಬಟ್ಟೇನೂ ಇರಬಾರ್ದು ಅಂದ್ರು ಯಜಮಾನ್ರು. 'ಅದು ಇವತ್ತೇ ಒಲೆಗೆ ಹೋಗ್ತೈತೆ, ನೀವು ಯೋಚ್ನೆ ಬಿಡ್ರಿ' ಅಂದ್ರು ನಿಮ್ಮ ಮಾಮ. ನಾವು ಹೊರಗೆ ಬರೋವಾಗ ನೀವು ಒಳಗೆ ತಿರುಗಿದ್ರಿ. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬ್ಯಾಡ್ರಿ."

ನನಗೆ ನೆನಪಾಯಿತು. ಅವತ್ತು ಬೇವಿನ ಮರದ ಹತ್ತಿರ ಒಂದು ಬಿಳಿ ಕಾರಿಗೆ ದಾರಿ ಬಿಟ್ಟು ನಿಂತಿದ್ದೆ. ತೊಳೆದ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನೆನಪಾದದ್ದು ಡಿಕ್ಕಿಯಲ್ಲಿದ್ದ ಹಸಿ ಗಂಟು.

ಮಾಮನ ಎದುರು ನಿಂತಾಗ ಅವನು ಒಂದು ಕಾರಿಗೆ ಪಟ್ಟು ಹಾಕುತ್ತಿದ್ದ. ನನ್ನ ಮುಖ ನೋಡಿಯೇ ಗೊತ್ತಾಯಿತು ಅವನಿಗೆ. ಸುಳ್ಳು ಹೇಳಲಿಲ್ಲ.

"ಜಾಗ ಅವರದು ಅಳಿಯ. ಎಣ್ಣೆ ಅವರದು. ನೀನು ಬರೋಕೆ ಮುಂಚೆನೇ ಒರೆಸಿದ್ದೆ, ಯಾರಿಗೆ ಪೆಟ್ಟಾಗೈತೆ ಅಂತ ನನಗೆ ಗೊತ್ತಿರ್ಲಿಲ್ಲ."

"ನಾನು ಹೇಳಿದ ಮೇಲೆ ಗೊತ್ತಾತಲ್ಲ?"

ಅವನು ಪಟ್ಟಿನ ಬಟ್ಟೆಯನ್ನು ಇನ್ನೊಮ್ಮೆ ಒತ್ತಿ ಅಂಟಿಸಿದ.

"ಆ ಬಟ್ಟೆ ನನಗೆ ಯಾಕೆ ಕೊಟ್ಟೆ ಮಾಮ? ಇಲ್ಲೇ ಸುಡಬಹುದಾಗಿತ್ತಲ್ಲ?"

"ಇಲ್ಲಿ ಸುಟ್ರೆ ನಾಲ್ಕು ಜನ ಯಾಕೆ ಅಂತಾರೆ. ನೀನು ಗಂಟು ಬಿಚ್ಚಿ ನೋಡಲ್ಲ ಅಂತ ಗೊತ್ತಿತ್ತು" ಎಂದ. ಮೆಲ್ಲಗೆ, ಟಾರಿನ ಹತ್ತಿರ ಮಾತಾಡುವ ಹಾಗೆ ಅಂದ.

ಇಷ್ಟು ವರ್ಷ ಅವನ ಕೈಯಿಂದ ಏನು ಬಂದರೂ ಬಿಚ್ಚಿ ನೋಡದೆ ಮನೆಗೆ ಒಯ್ದದ್ದು ನಿಜ. ಆ ನಂಬಿಕೆಯನ್ನೇ ಅವನು ಒಲೆಗೆ ಹಾಕಿಸಿದ್ದ. ಹೊಡೆಯಬೇಕು ಅನ್ನಿಸಿತು, ಕೈ ಏಳಲಿಲ್ಲ. ಅಷ್ಟಾದ ಮೇಲೂ ನಾನೇ ಕೈಮುಗಿದೆ. ಪೊಲೀಸರು ಬೇಡ, ಯಜಮಾನರ ಹೆಸರೂ ಬೇಡ, ನನ್ನಿವಾಳಕ್ಕೆ ಬಂದು ಹುಡುಗಿಯ ಅಪ್ಪನಿಗೆ ಒಂದೇ ಮಾತು ಹೇಳು, ಕಾರು ಇತ್ತು ಅಂತ. ಹುಡುಗಿಯನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

"ಬರ್ತೀನಿ. ಸೋಮವಾರ ಬರ್ತೀನಿ, ಅಕ್ಕನ ಆಣೆ" ಎಂದ.

ಸೋಮವಾರ ನನ್ನಿವಾಳದ ಕ್ರಾಸಿನಲ್ಲಿ ತಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಕಾದೆ. ತಮ್ಮ ಹೊಸ ಅಂಗಿ ಹಾಕಿದ್ದ. ಚಳ್ಳಕೆರೆ ಕಡೆಯಿಂದ ಬರುವ ಪ್ರತಿ ಬಸ್ಸಿಗೂ ಕತ್ತು ಎತ್ತುತ್ತಿದ್ದ. ಮಧ್ಯಾಹ್ನ ಕಳೆಯಿತು, ಮಾಮನ ಫೋನ್ ಆಫ್ ಆಗಿತ್ತು. ಅವನು ಬರಲಿಲ್ಲ. ಅವನಿಲ್ಲದೆ ನಾವಿಬ್ಬರೇ ಹೋಗಿ ಹೇಳಿದರೆ ಅದೇ ಹಳೇ ಕಥೆ ಅಷ್ಟೇ. ವಾಪಸು ಬರುವಾಗ ತಮ್ಮ ಒಂದೇ ಸಲ ಮಾತಾಡಿದ. "ಹೋಗ್ಲಿ ಬಿಡಣ್ಣ. ಕಾರು ಇತ್ತು ಅಂತ ನನಗಾದ್ರೂ ಗೊತ್ತಾತಲ್ಲ. ಅವ್ವಂಗೆ ಹೇಳ್ಬ್ಯಾಡ. ಆಕೆಗೆ ಇರೋನೊಬ್ನೇ ತಮ್ಮ."

ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ತಮ್ಮ ಈಗ ಕೋಲು ಹಿಡಿದು ನಡೆಯುತ್ತಾನೆ, ಮಗ್ಗದ ಬದಲು ನೂಲಿಗೆ ಬಣ್ಣ ಕಟ್ಟುವ ಕೆಲಸಕ್ಕೆ ಹೋಗುತ್ತಾನೆ. ನಾನು ಆ ಬೇವಿನ ಮರದ ಕಡೆ ಮತ್ತೆ ತಲೆ ಹಾಕಲಿಲ್ಲ. ನನ್ನ ಕಾರಿನ ಬಾಗಿಲ ಕೆಳಗೆ ಟಾರು ಹಾಗೇ ಗಟ್ಟಿಯಾಗಿ ಕೂತಿದೆ. ಏನಯ್ಯಾ, ಮಾಮನ ಹತ್ರ ಒಯ್ಯಬಾರದಾ ಎಂದು ಗಿರಾಕಿಗಳು ಕೇಳಿದರೆ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ತಮ್ಮುಡು ಯಾಕೆ ಬರ್ತಿಲ್ಲ ಎಂದು ಅವ್ವ ಕೇಳಿದರೂ ಅದೇ ಉತ್ತರ.

ಅವನು ಸತ್ತಾಗ ಅವ್ವ ಹಟ ಹಿಡಿದಳು, ಮಣ್ಣಿಗೆ ಹೋಗಲೇಬೇಕು ಅಂತ. ಮೂವರೂ ಹೋದೆವು. ಅವ್ವ ಅವನ ಕಾಲ ಹತ್ತಿರ ಕೂತು ತೆಲುಗಿನಲ್ಲಿ ಹಾಡಿ ಹಾಡಿ ಅತ್ತಳು. ಮಿಲ್ಲಿನ ಯಜಮಾನರು ದೊಡ್ಡ ಹಾರ ತಂದಿದ್ದರು. ಬಂದದ್ದು ಅದೇ ಬಿಳಿ ಕಾರಿನಲ್ಲಿ. ನಾನು ಸುತ್ತಿಕೊಂಡು ಹೋಗಿ ಎಡಗಡೆ ಹಿಂದಿನ ಬಾಗಿಲು ನೋಡಿದೆ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಮನೆಗೆ ಬಂದೊಡನೆ ಅವ್ವ ನಮ್ಮನ್ನು ಹೊರಗೇ ನಿಲ್ಲಿಸಿದಳು. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿಲ್ಲ. ಹಂಡೆ ತುಂಬಿ, ಪುಳ್ಳೆ ಜೋಡಿಸಿ, ಒಲೆ ಹಚ್ಚಿದಳು. ಬೆಂಕಿ ಮಂದವಾಯಿತೆಂದು ಬಚ್ಚಲ ಗೂಡಿನೊಳಗೆ ಕೈಹಾಕಿ ತಡಕಿದಳು. ಮುದುಡಿದ ಬಟ್ಟೆಯೊಂದು ಕೈಗೆ ಬಂತು.

"ಅಯ್ಯೋ, ಇದಿನ್ನೂ ಇಲ್ಲೇ ಐತೆ. ನಿನ್ನ ತಮ್ಮಂಗೆ ಕಾಲು ಮುರಿದಾಗ ಅವನು ಕಳ್ಸಿದ್ನಲ್ಲ, ಆ ಗಂಟಿಂದು. ರೇಷ್ಮೆ ಸೇರಿಸಿಬಿಟ್ಟಿದ್ದ. ನೇಕಾರರ ಮನ್ಯಾಗೆ ರೇಷ್ಮೆ ಒಲೆಗೆ ಹಾಕ್ತಾರೇನು? ಹಾಕಿದ್ರೂ ಹತ್ತಲ್ಲ, ಕೂದಲು ಸುಟ್ಟಂಗೆ ನಾರ್ತೈತೆ. ಆರಿಸಿ ಇಲ್ಲಿ ತುರುಕಿದ್ದೆ, ಮರ್ತೇ ಹೋಗಿತ್ತು."

ನಾನು ಅವಳ ಕೈಯಿಂದ ಕಿತ್ತುಕೊಂಡೆ. ಈ ಸಲ ಬಿಚ್ಚಿ ನೋಡಿದೆ. ಮಡಿಕೆ ಮಡಿಕೆಯಲ್ಲೂ ರಬ್ಬರಿನ ಕರಿ. ಕರಿಯ ಜೊತೆಗೆ, ಸುಣ್ಣ ಸವರಿದ ಹಾಗೆ, ಬಿಳಿ ಬಣ್ಣ. ಬಟ್ಟೆಗೆ ಬಣ್ಣ ಹತ್ತಿದರೆ ಕೈ ಕೆಟ್ಟಿತು ಅಂತ ತಿಳ್ಕಾ ಎಂದಿದ್ದವನ ಕೈ ಅವತ್ತು ಅಷ್ಟು ಅವಸರದಲ್ಲಿ ಉಜ್ಜಿತ್ತು.

ತಮ್ಮ ಕೋಲೂರಿಕೊಂಡು ಹತ್ತಿರ ಬಂದ. ಆ ಕರಿಯ ಮೇಲೆ ಹೆಬ್ಬೆಟ್ಟು ಇಟ್ಟು ನಿಂತ. "ನನ್ನ ಟೈರು" ಎಂದ.

"ಏನ್ರೋ ಅದು?" ಎಂದಳು ಅವ್ವ.

ಹೇಳಬೇಡ ಎಂದಿದ್ದವನು ತಮ್ಮನೇ. ಈಗ ಹೇಳಿದವನೂ ಅವನೇ. ಕಾರು, ಬಾಗಿಲು, ಗಂಟು, ನನ್ನಿವಾಳದ ಕ್ರಾಸು, ಒಂದನ್ನೂ ಬಿಡದೆ, ದನಿ ಏರಿಸದೆ ಹೇಳಿದ. ಕೊನೆಗೆ, "ನಾನು ಕುಡಿದಿರ್ಲಿಲ್ಲವ್ವ" ಎಂದ.

ಅವ್ವ ಆ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅತ್ತು ಅತ್ತು ಅವಳ ಕಣ್ಣು ಇನ್ನೂ ಕೆಂಪಾಗಿತ್ತು. ಆಮೇಲೆ ಎದ್ದು, ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಉರಿಯುವ ಒಲೆಗೆ ಹುಯ್ದಳು. ಬೂದಿ ಎದ್ದು ಮೂವರ ಮೇಲೂ ಕೂತಿತು.

"ಒಳಗೆ ನಡೀರಿ" ಎಂದಳು. "ಯಾರು ಸತ್ತಾರೆ ಅಂತ ತಲೆಗೆ ನೀರು ಹಾಕ್ಕೊಳ್ಳಾದು?"

ಅವತ್ತು ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ.